ಮಕ್ಕಳ ಕಾಲೇಜು ಅರ್ಜಿ, ಮನೆಯ ಪಹಣಿ

ಈ ಹೊತ್ತು ಗೊಬ್ಬರದ ಮಾತಿಲ್ಲ, ಬೀಜೋಪಚಾರದ ಮಾತೂ ಇಲ್ಲ. ನಿಮ್ಮ ಮನೆಯಲ್ಲಿ ಹತ್ತನೆಯ ತರಗತಿ ಮುಗಿಸಿದ, ಇಲ್ಲವೆ ಪಿಯುಸಿ ಓದುತ್ತಿರುವ ಮಗನೋ ಮಗಳೋ ಇದ್ದರೆ ಅವರ ವಿಚಾರವಾಗಿ ನಾಲ್ಕು ಮಾತು ಹೇಳಬೇಕಾಗಿದೆ. ಕೃಷಿ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕುವುದು ಹೇಗೆ, ಅದರಲ್ಲಿ ತಂದೆತಾಯಿಯರ ಪಾಲಿಗೆ ಬರುವ ಕೆಲಸ ಯಾವುದು ಎಂಬುದೇ ಇವತ್ತಿನ ವಿಷಯ.

"ಅದೆಲ್ಲ ಕಂಪ್ಯೂಟರಿನ ಕೆಲಸ ಸ್ವಾಮಿ, ನಮಗೇನು ತಿಳೀತದೆ? ಹುಡುಗಿ ನೋಡಿಕೊಳ್ತಾಳೆ ಬಿಡಿ" ಎಂದು ನೀವು ಅನ್ನಬಹುದು. ನನ್ನ ಪರಿಚಯದ ಒಬ್ಬ ಯಜಮಾನರೂ ಹೀಗೆಯೇ ಅಂದಿದ್ದರು. ಮೂರು ಎಕರೆ ಖುಷ್ಕಿ, ಅದರಲ್ಲಿ ರಾಗಿ ಅವರೆ, ಬಾವಿಯ ಪಕ್ಕ ಸ್ವಲ್ಪ ಹಿಪ್ಪುನೇರಳೆ. ಮಗಳು ಚೆನ್ನಾಗಿ ಓದುವವಳು. ಬಿ.ಎಸ್‌ಸಿ. ಕೃಷಿ ಓದಬೇಕೆಂದು ಅವಳ ಆಸೆ. ರೈತರ ಮಕ್ಕಳಿಗೆಂದು ಬೇರೆ ಸೀಟುಗಳಿವೆ, ಅದಕ್ಕೆ ತಹಶೀಲ್ದಾರರ ಕಡೆಯಿಂದ ವ್ಯವಸಾಯಗಾರರ ಪ್ರಮಾಣಪತ್ರ ಬೇಕು ಎಂದು ಅವಳೇ ತಿಳಿದುಕೊಂಡು ಬಂದು ಹೇಳಿದಳು. ಅಪ್ಪ ಪಹಣಿ ತೆಗೆಸಿ ನೋಡಿದರೆ ಜಮೀನು ಇನ್ನೂ ತಾತನ ಹೆಸರಿನಲ್ಲಿದೆ! ತಾತ ತೀರಿಕೊಂಡು ಒಂಬತ್ತು ವರ್ಷ. ಉಳುವವರು ಇವರೇ, ಬಿತ್ತುವವರು ಇವರೇ. ಕಾಗದದಲ್ಲಿ ಮಾತ್ರ ಇವರ ಹೆಸರಿಲ್ಲ. ಅಣ್ಣತಮ್ಮಂದಿರು ಮೂವರು, ಅವರಲ್ಲೊಬ್ಬರು ಬೆಂಗಳೂರಿನಲ್ಲಿ. ಮರಣ ಪತ್ರ ಹುಡುಕಿ, ವಂಶವೃಕ್ಷ ಮಾಡಿಸಿ, ಬೆಂಗಳೂರಿನ ತಮ್ಮ ಬಂದು ಒಪ್ಪಿ, ನೋಟೀಸಿನ ಅವಧಿ ಕಳೆದು ಖಾತೆ ಆಗುವಷ್ಟರಲ್ಲಿ ಅರ್ಜಿಯ ಗಡುವು ಎಂದೋ ಮುಗಿದಿತ್ತು. ಹುಡುಗಿ ಹತ್ತಿರದ ಊರಿನ ಕಾಲೇಜಿನಲ್ಲಿ ಬೇರೆ ಬಿ.ಎಸ್‌ಸಿ.ಗೆ ಸೇರಿಕೊಂಡಳು. ಅವಳು ತುಂಬಬೇಕಾದ ಕಾಲಂಗಳೆಲ್ಲ ಸರಿಯಾಗಿಯೇ ಇದ್ದವು. ಅಪ್ಪ ತುಂಬಬೇಕಾದದ್ದು ಒಂದೇ ಒಂದು, ಅದೇ ಖಾಲಿ.

ಆದಕಾರಣ ಕಂಪ್ಯೂಟರಿನ ಮುಂದೆ ಕೂರುವುದಕ್ಕೆ ಒಂದು ವರ್ಷ ಮೊದಲೇ ಈ ಕೆಲಸ ಶುರುವಾಗುತ್ತದೆ ಎಂಬುದನ್ನು ಮನಸ್ಸಿನಲ್ಲಿಡಿ.

ಮೊದಲು ಬಾಗಿಲು ಯಾವುದು ಎಂದು ತಿಳಿಯೋಣ. ನಮ್ಮ ನಾಡಿನಲ್ಲಿ ಕೃಷಿ ವಿದ್ಯೆಗೆ ಒಂದಕ್ಕಿಂತ ಹೆಚ್ಚು ವಿಶ್ವವಿದ್ಯಾನಿಲಯಗಳಿವೆ. ಬೆಂಗಳೂರಿನದು 1964ರಲ್ಲಿ ಆದದ್ದು, ಧಾರವಾಡದ್ದು 1986ರಲ್ಲಿ. ಆಮೇಲೆ ರಾಯಚೂರು, ಬಾಗಲಕೋಟೆಯ ತೋಟಗಾರಿಕೆ, ಶಿವಮೊಗ್ಗ. ಪಶುವೈದ್ಯ ಮತ್ತು ಮೀನುಗಾರಿಕೆಗೆ ಬೀದರಿನದು. ಇವಕ್ಕೆಲ್ಲ ಬೇರೆಬೇರೆ ಊರಿಗೆ ಹೋಗಿ ಅರ್ಜಿ ಕೊಡಬೇಕಾಗಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿ ಎಂಬ ಒಂದೇ ಪರೀಕ್ಷೆ, ಒಂದೇ ಅರ್ಜಿ. ಸಿಇಟಿ 1994ರಿಂದ ನಡೆದು ಬಂದಿರುವ ಪರೀಕ್ಷೆ. ಡಾಕ್ಟರಿಕೆಗೆ ನೀಟ್ ಎಂಬ ಬೇರೆ ಪರೀಕ್ಷೆಯುಂಟು. ಬಿ.ಎ., ಬಿ.ಕಾಂ. ಓದಲು ಸಿಇಟಿ ಬೇಕಾಗಿಯೇ ಇಲ್ಲ. "ಸಿಇಟಿ ಬರೆಯದಿದ್ದರೆ ಕಾಲೇಜೇ ಇಲ್ಲ" ಎಂದು ಯಾರಾದರೂ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಇನ್ನೊಂದು ಮಾತು. ಬಿ.ಎಸ್‌ಸಿ. ಕೃಷಿಗೆ ಪಿಯುಸಿಯಲ್ಲಿ ಜೀವಶಾಸ್ತ್ರ ಓದಿರಬೇಕು. ಹತ್ತನೆಯ ತರಗತಿ ಮುಗಿದ ಕೂಡಲೆ, ಕಂಪ್ಯೂಟರ್ ಇದ್ದರೆ ನಾಳೆ ಅನುಕೂಲ ಎಂದು ಜೀವಶಾಸ್ತ್ರ ಬಿಡಿಸಿ ಬೇರೆ ವಿಷಯ ಕೊಡಿಸಿದರೆ, ಎರಡು ವರ್ಷದ ಮೇಲೆ ಈ ಬಾಗಿಲು ತೆರೆಯುವುದಿಲ್ಲ. ಕೃಷಿ ಎಂಜಿನಿಯರಿಂಗಿಗೆ ಮಾತ್ರ ಗಣಿತದ ದಾರಿ ಉಂಟು. ಹುಡುಗನಿಗೆ ಹದಿನಾರು ವರ್ಷ ಆಗುವ ಹೊತ್ತಿಗೇ ಈ ತೀರ್ಮಾನ ಆಗಿಬಿಡುತ್ತದೆ, ನಮಗೆ ಗೊತ್ತಾಗುವುದು ಹದಿನೆಂಟಕ್ಕೆ.

ಪರೀಕ್ಷೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಸಾಮಾನ್ಯ ಸೀಟುಗಳಿಗೆ ಪಿಯುಸಿ ಅಂಕದ್ದು ಅರ್ಧ ತೂಕ, ಸಿಇಟಿ ಅಂಕದ್ದು ಅರ್ಧ ತೂಕ. ಪಿಯುಸಿ ಹೇಗೋ ಆಗಲಿ, ಸಿಇಟಿಗೆ ಓದಿದರೆ ಸಾಕು ಎಂಬ ಮಾತು ಅದಕ್ಕೇ ತಪ್ಪು.

ಈಗ ರೈತರ ಮಕ್ಕಳ ಸೀಟುಗಳ ವಿಚಾರಕ್ಕೆ ಬರೋಣ. ಕೃಷಿಕರ ಕೋಟಾ ಎಂದು ಇದಕ್ಕೆ ಹೆಸರು. ಮೊದಲು ನೂರಕ್ಕೆ 40 ಸೀಟು ಇದ್ದದ್ದನ್ನು ಆಮೇಲೆ 50ಕ್ಕೆ ಏರಿಸಿದರು. ಅಂದರೆ ಅರ್ಧ ಕಣಜ ನಿಮ್ಮ ಮಕ್ಕಳಿಗೇ ತೆಗೆದಿಟ್ಟ ಹಾಗೆ. ಇದರಲ್ಲಿ ಲೆಕ್ಕ ಬೇರೆ: ಪಿಯುಸಿಗೆ ಕಾಲು ಪಾಲು, ಸಿಇಟಿಗೆ ಕಾಲು ಪಾಲು, ಉಳಿದ ಅರ್ಧ ಪಾಲು ಪ್ರಾಯೋಗಿಕ ಪರೀಕ್ಷೆಗೆ. ಬೀಜ, ಸಸಿ, ಗೊಬ್ಬರ, ಸಲಕರಣೆ, ಕೀಟ ಇಂಥವನ್ನು ಎದುರಿಗೆ ಇಟ್ಟು ಇದೇನು, ಎಂಥದಕ್ಕೆ ಬರುತ್ತದೆ ಎಂದು ಕೇಳುತ್ತಾರೆ.

"ಇದೇನು ಮಹಾ! ನಮ್ಮ ಹುಡುಗ ಹುಟ್ಟಿದ್ದೇ ಕಣದಲ್ಲಿ" ಅನ್ನುವಿರಿ. ಸ್ವಲ್ಪ ನಿಲ್ಲಿ. ಆ ಹುಡುಗ ಎಂಟನೆಯ ತರಗತಿಯಿಂದ ಹಾಸ್ಟೆಲಿನಲ್ಲಿದ್ದಾನೆ. ರಜಕ್ಕೆ ಬಂದರೆ "ನೀನು ಓದಿಕೋಪ್ಪ, ಹೊಲದ ಕಡೆ ಬರಬೇಡ" ಎಂದು ನಾವೇ ಹೇಳುತ್ತೇವೆ. ಬಿಸಿಲಿಗೆ ಬಿಡುವುದಿಲ್ಲ, ಕೈಗೆ ಕುಡುಗೋಲು ಕೊಡುವುದಿಲ್ಲ. ಆಮೇಲೆ ಪರೀಕ್ಷೆಯ ಕೊಠಡಿಯಲ್ಲಿ ಒಂದು ಬಟ್ಟಲಲ್ಲಿ ಸಾಮೆ, ಇನ್ನೊಂದರಲ್ಲಿ ನವಣೆ, ಮತ್ತೊಂದರಲ್ಲಿ ಬರಗು ಇಟ್ಟರೆ ಅವನಿಗೆ ಮೂರೂ ಒಂದೇ. ಹುಚ್ಚೆಳ್ಳು ಕಂಡು ಎಳ್ಳು ಅನ್ನುತ್ತಾನೆ. ಅಂಕ ಪಟ್ಟಣದ ಹುಡುಗನಿಗೆ ಸಿಕ್ಕಿತು ಎಂದು ಆಮೇಲೆ ಬೇಜಾರು ಮಾಡಿಕೊಂಡರೆ ತಪ್ಪು ಯಾರದು?

ಈ ಪಾಠಕ್ಕೆ ಟ್ಯೂಷನ್ ಬೇಕಾಗಿಲ್ಲ. ರಜದಲ್ಲಿ ವಾರಕ್ಕೆ ಎರಡು ಬೆಳಿಗ್ಗೆ ಮಕ್ಕಳನ್ನು ಹೊಲಕ್ಕೆ ಕರೆದುಕೊಂಡು ಹೋಗಿ. ಕೂರಿಗೆ ತೋರಿಸಿ, ಕುಂಟೆ ತೋರಿಸಿ, ಯಡೆಕುಂಟೆಗೂ ಹಲುಬೆಗೂ ಏನು ವ್ಯತ್ಯಾಸ ಎಂದು ಅವರ ಬಾಯಲ್ಲೇ ಹೇಳಿಸಿ. ನೀವು ಟ್ರ್ಯಾಕ್ಟರಿನಲ್ಲೇ ಎಲ್ಲ ಮಾಡಿಸುವವರಾದರೆ ಅಟ್ಟದ ಮೇಲಿರುವ ಹಳೆಯ ಕೂರಿಗೆ ಇಳಿಸಿ. ಸೌದೆಗೆ ಹಾಕಿದ್ದರೆ ನೆರೆಮನೆಯಲ್ಲಿ ಕೇಳಿ. ಜೇಕು ಯಾವುದು, ಗರಿಕೆ ಯಾವುದು, ಕಿತ್ತು ಕೈಗೆ ಕೊಡಿ. ಯೂರಿಯ ಬಿಳಿ ಹರಳು, ಪೊಟ್ಯಾಷ್ ಇಟ್ಟಿಗೆ ಬಣ್ಣದ್ದು, ಡಿಎಪಿ ಗುಂಡು ಕಾಳು: ಪುಸ್ತಕದಲ್ಲಿ ಓದಿದ್ದಕ್ಕಿಂತ ಒಂದು ಸಲ ಅಂಗೈಯಲ್ಲಿ ಹಿಡಿದದ್ದು ಮರೆಯುವುದಿಲ್ಲ. ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಗೆ ಕರೆಯಿರಿ. ಹತ್ತಿರದಲ್ಲಿ ರೇಷ್ಮೆ ಸಾಕುವವರಿದ್ದರೆ ಹುಳು ಯಾವ ಜ್ವರದಲ್ಲಿದೆ, ಗೂಡು ಕಟ್ಟುವ ಹುಳು ಹೇಗಿರುತ್ತದೆ ಎಂದು ಕೇಳಿಸಿ.

ತಾಯಂದಿರೆ, ಇಲ್ಲಿ ನಿಮ್ಮ ಮಾತೇ ಮೇಲು. ಬೀಜ ಎತ್ತಿಡುವವರು ನೀವು, ಕೇರುವವರು ನೀವು. ಹತ್ತು ಸಣ್ಣ ಡಬ್ಬಿಗಳಲ್ಲಿ ಹತ್ತು ಕಾಳು ಹಾಕಿ, ಹೆಸರು ಬರೆಯದೆ ಇಡಿ. ಊಟಕ್ಕೆ ಕೂತಾಗ ಮಗಳನ್ನು ಕೇಳಿ. ನೀವು ಶಾಲೆಯ ಮುಖ ನೋಡದವರಾದರೂ ಈ ವಿಷಯದಲ್ಲಿ ಅವಳಿಗೆ ನಿಮಗಿಂತ ಒಳ್ಳೆಯ ಮೇಷ್ಟ್ರು ಸಿಗಲಾರರು.

ಈಗ ಕಾಗದಗಳು. ಪಹಣಿಯ ಮಾತು ಹೇಳಿದ್ದಾಯಿತು; ಹೆಸರು ತೀರಿಹೋದವರದ್ದಾಗಿದ್ದರೆ ಪೌತಿ ಖಾತೆಗೆ ಈಗಲೇ ಅರ್ಜಿ ಕೊಡಿ. ಇದು ಬರೀ ಕಚೇರಿಯ ಕೆಲಸವಲ್ಲ, ಅಣ್ಣತಮ್ಮಂದಿರು, ಅಕ್ಕತಂಗಿಯರು ಒಂದು ಕಡೆ ಕೂತು ಮಾತಾಡಬೇಕಾದ ಕೆಲಸ. ಹಬ್ಬಕ್ಕೆ ಎಲ್ಲರೂ ಊರಿಗೆ ಬಂದಾಗ ಮಾತು ತೆಗೆಯಿರಿ. ಜಾತಿ ಮತ್ತು ಆದಾಯದ ಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲಿನ ಆರ್‌.ಡಿ. ಸಂಖ್ಯೆಯನ್ನೇ ಅರ್ಜಿಯಲ್ಲಿ ತುಂಬುವುದು. ಆದಾಯದ ಪತ್ರ ಐದು ವರ್ಷಕ್ಕೆ ಹಳತಾಗುತ್ತದೆ, ತಾರೀಖು ನೋಡಿಕೊಳ್ಳಿ. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5 ಮೀಸಲು ಉಂಟು. ಇದಕ್ಕೆ ಶಾಲೆಯ ಹೆಡ್‌ಮೇಷ್ಟ್ರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ಬೇಕು. ಮಗು ಎರಡು ಮೂರು ಶಾಲೆ ಬದಲಾಯಿಸಿದ್ದರೆ ಓಡಾಟ ಅಷ್ಟೇ ಪಟ್ಟು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರು 371-ಜೆ ಪತ್ರವನ್ನು ಅಸಿಸ್ಟೆಂಟ್ ಕಮಿಷನರ ಕಚೇರಿಯಿಂದ ಮಾಡಿಸಿಕೊಳ್ಳಬೇಕು. ಅಲ್ಲಿನ ಸಂಸ್ಥೆಗಳಲ್ಲಿ ನೂರಕ್ಕೆ 70 ಸೀಟು ಆ ಭಾಗದವರಿಗೆ. ಎಲ್ಲ ಪತ್ರಗಳಲ್ಲೂ ಹೆಸರು ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಲಿ. ಒಂದರಲ್ಲಿ ಅಪ್ಪನ ಹೆಸರು "ಗೌಡ" ಸೇರಿಸಿ, ಇನ್ನೊಂದರಲ್ಲಿ ಬಿಟ್ಟು ಬಂದರೆ ಒಂದು ತಿಂಗಳು ಅಲ್ಲೇ ಹೋಯಿತು.

ಅರ್ಜಿ ತುಂಬಲು ಸೈಬರ್ ಅಂಗಡಿಗೆ ಹೋಗುತ್ತೀರಿ. ಹೋಗಿ, ತಪ್ಪಿಲ್ಲ. ಆದರೆ ಫೋನ್ ನಂಬರು ನಿಮ್ಮ ಮನೆಯದೇ ಕೊಡಿ. ಅವಸರಕ್ಕೆ ಅಂಗಡಿಯವನ ನಂಬರು ಹಾಕಿಸಿ ಬಂದ ಒಂದು ಮನೆಯವರನ್ನು ಕಂಡಿದ್ದೇನೆ. ಮುಂದೆ ಬರುವ ಒಂದೊಂದು ಗುಟ್ಟಿನ ಸಂಖ್ಯೆಯೂ ಅವನ ಫೋನಿಗೇ ಬರುತ್ತಿತ್ತು. ಅವನು ಜಾತ್ರೆಗೆ ಹೋಗಿದ್ದ ಮೂರು ದಿನ ಇವರು ಅಂಗಡಿಯ ಬಾಗಿಲು ಕಾದರು. ನಿಮ್ಮ ಗುಟ್ಟಿನ ಪದವನ್ನು ಯಾರಿಗೂ ಬರೆದುಕೊಡಬೇಡಿ. "ಸೀಟು ನಾನು ಕೊಡಿಸ್ತೀನಿ" ಅನ್ನುವ ದಲ್ಲಾಳಿಗಂತೂ ಬೇಡವೇ ಬೇಡ.

ರ‍್ಯಾಂಕು ಬಂದ ಮೇಲೆ ಆಯ್ಕೆಯ ಪಟ್ಟಿ. ಯಾವ ಕಾಲೇಜು, ಯಾವ ಕೋರ್ಸು ಬೇಕೆಂದು ಒಂದರ ಕೆಳಗೊಂದು ಬರೆಯುವುದು. ಬಹಳ ಮನೆಗಳು ಎಡವುವುದು ಇಲ್ಲಿಯೇ. ಯಂತ್ರ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬಂದು, ಆ ರ‍್ಯಾಂಕಿಗೆ ಸಿಗುವ ಮೊದಲನೆಯದನ್ನು ಕೊಟ್ಟುಬಿಡುತ್ತದೆ. ಅದರ ಕೆಳಗೆ ಬರೆದದ್ದಕ್ಕೆ ಆಮೇಲೆ ಬೆಲೆಯಿಲ್ಲ. ಹಾಸನ ಮನೆಗೆ ಹತ್ತಿರ ಎಂದು ಅಪ್ಪ ಅದನ್ನು ಮೇಲೆ ಬರೆಸಿದರು ಅನ್ನಿ, ಮಗಳಿಗೆ ಬೆಂಗಳೂರಿನ ಜಿ.ಕೆ.ವಿ.ಕೆ. ಮೇಲೆ ಮನಸ್ಸು ಅನ್ನಿ. ಹಾಸನ ಸಿಕ್ಕಿದ ಮೇಲೆ ಕೆಳಗಿನ ಜಿ.ಕೆ.ವಿ.ಕೆ. ಕೇಳಲು ಬರುವುದಿಲ್ಲ. ಸಿಗಲಾರದು ಎಂಬ ಸಂಕೋಚದಿಂದ ಬೇಕಾದ್ದನ್ನು ಕೆಳಗೆ ಹಾಕಬೇಡಿ. ಕೊಟ್ಟರೂ ಹೋಗೆವು ಅನ್ನುವ ಕಾಲೇಜನ್ನು ಬರೆಯಲೇಬೇಡಿ. ಮೊದಲು ಒಂದು ಅಣಕು ಹಂಚಿಕೆ ನಡೆಸಿ ತೋರಿಸುತ್ತಾರೆ, ಅದನ್ನು ನೋಡಿ ಪಟ್ಟಿ ತಿದ್ದಲು ಅವಕಾಶವುಂಟು.

ನಿಜವಾದ ಸೀಟು ಬಂದಾಗ ನಾಲ್ಕು ದಾರಿ ಕೇಳುತ್ತಾರೆ. ಒಂದನೆಯದು, ಒಪ್ಪಿದೆ, ಸೇರುತ್ತೇನೆ. ಎರಡನೆಯದು, ಇದು ಇರಲಿ, ಆದರೆ ಪಟ್ಟಿಯಲ್ಲಿ ಮೇಲಿರುವುದು ಸಿಕ್ಕರೆ ಕೊಡಿ. ಮೂರನೆಯದು, ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕನೆಯದು, ಏನೂ ಬೇಡ. ಎರಡನೆಯದನ್ನು ಆರಿಸಿದವರಿಗೆ ಮೇಲಿನದು ಸಿಕ್ಕಿದ ಕೂಡಲೆ ಕೆಳಗಿನದು ತಾನಾಗಿ ಹೋಗುತ್ತದೆ. ಎರಡನ್ನೂ ಕೈಯಲ್ಲಿಟ್ಟುಕೊಂಡು ಯೋಚಿಸಲು ಆಗುವುದಿಲ್ಲ. ಮೂರನೆಯದನ್ನು ಒತ್ತುವ ಮುಂಚೆ ರಾತ್ರಿ ಮನೆಯಲ್ಲಿ ಎಲ್ಲರೂ ಕೂತು ಮಾತಾಡಿ. ಮಗಳನ್ನು ಮಾತಾಡಲು ಬಿಡಿ. ದುಡ್ಡು ಎಷ್ಟು ಹೊಂದಿಸಬಲ್ಲಿರಿ, ಹಾಸ್ಟೆಲಿನಲ್ಲಿ ಬಿಡಲು ಮನಸ್ಸಿದೆಯೆ ಎಂಬುದನ್ನು ನೀವೂ ಬಾಯಿಬಿಟ್ಟು ಹೇಳಿ.

ಪ್ರಾಧಿಕಾರ ಪ್ರತಿವರ್ಷ ಮಾಹಿತಿ ಪುಸ್ತಕ ಹೊರಡಿಸುತ್ತದೆ. ತಾರೀಖು, ಶುಲ್ಕ, ಪತ್ರದ ನಮೂನೆ ವರ್ಷದಿಂದ ವರ್ಷಕ್ಕೆ ಬದಲಾಗುವುದುಂಟು. ಹೋದ ವರ್ಷ ಪಕ್ಕದ ಮನೆಯ ಹುಡುಗ ಹೀಗೆ ಮಾಡಿದ ಎಂದು ನಂಬಿ ಕೂರದೆ, ಆ ವರ್ಷದ ಪುಸ್ತಕವನ್ನೇ ಮಗನಿಂದ ಓದಿಸಿ ಕೇಳಿ.

ಮೊದಲು ಹೇಳಿದ ಯಜಮಾನರ ಮನೆಯಲ್ಲಿ ಖಾತೆ ಈಗ ಮೂವರು ಅಣ್ಣತಮ್ಮಂದಿರ ಹೆಸರಿಗೆ ಜಂಟಿಯಾಗಿ ಆಗಿದೆ. ಆ ಹುಡುಗಿಯ ತಮ್ಮ ಮೊದಲನೆಯ ಪಿಯುಸಿಯಲ್ಲಿದ್ದಾನೆ, ಜೀವಶಾಸ್ತ್ರ ತೆಗೆದುಕೊಂಡಿದ್ದಾನೆ. ಹೋದ ತಿಂಗಳು ನಾನು ಅವರ ಮನೆಗೆ ಹೋಗಿದ್ದಾಗ ಜಗಲಿಯ ಮೇಲೆ ಹತ್ತು ಡಬ್ಬಿಗಳಿದ್ದವು. ಅಕ್ಕ ಕೇಳುತ್ತಿದ್ದಳು, ತಮ್ಮ ಸಾಮೆಗೆ ಮತ್ತೆ ನವಣೆ ಎಂದ. ಒಳಗಿನಿಂದ ತಾಯಿ, "ಮುಟ್ಟಿ ನೋಡೋ, ಕಣ್ಣಲ್ಲಿ ನೋಡಿದರೆ ತಿಳಿಯಲ್ಲ" ಅಂದರು.