ರಸ್ತೆ ಯಾರಿಗಾಗಿ, ತೀರ್ಮಾನ ಯಾರದು?



ಬೆಂಗಳೂರಿನ ಹೆಬ್ಬಾಳದ ಬಳಿ ಬೆಳಗಿನ ಒಂಬತ್ತು ಗಂಟೆಗೆ ಹತ್ತು ನಿಮಿಷ ನಿಂತು ನೋಡಿ. ಪ್ರತಿ ಕಾರಿನಲ್ಲಿ ಎಷ್ಟು ಮಂದಿ, ಪ್ರತಿ ಬಸ್ಸಿನಲ್ಲಿ ಎಷ್ಟು ಮಂದಿ ಎಂದು ಎಣಿಸಿ. ಎರಡು ಮೂರು ಕಾರುಗಳು ಹಿಡಿಯುವ ಜಾಗದಲ್ಲಿ ಒಂದು ಬಸ್ಸು ಐವತ್ತು ಜನರನ್ನು ಒಯ್ಯುತ್ತದೆ. ಆದರೂ ರಸ್ತೆ ಸಾಲದು ಎನ್ನುವಾಗ ನಾವು ಲೆಕ್ಕ ಹಾಕುವುದು ವಾಹನಗಳನ್ನೇ. ನಗರ ಸಾರಿಗೆಯ ರಾಜಕೀಯ ಆರಂಭವಾಗುವುದು ಈ ಎಣಿಕೆಯಿಂದ.

ರಾಜಕೀಯ ಎಂದೊಡನೆ ಪಕ್ಷ, ಚುನಾವಣೆ ನೆನಪಾಗುವುದು ಸಹಜ. ಸಾರ್ವಜನಿಕರ ಹಣ ಯಾರಿಗಾಗಿ ವೆಚ್ಚವಾಗಬೇಕು, ಅದನ್ನು ತೀರ್ಮಾನಿಸುವವರು ಯಾರು ಎಂಬ ಅರ್ಥದಲ್ಲಿ ಈ ಪದವನ್ನು ಇಲ್ಲಿ ಬಳಸುತ್ತಿದ್ದೇನೆ.

ಒಂದು ಪ್ರಸಂಗವನ್ನು ನೋಡೋಣ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿತು. ನಗರದ ನಡುಭಾಗದಿಂದ ಮೂವತ್ತು ಕಿಲೋಮೀಟರಿಗೂ ಹೆಚ್ಚು ದೂರ; ಬಳ್ಳಾರಿ ರಸ್ತೆಯೇ ಮುಖ್ಯ ಆಧಾರ. ಅಲ್ಲಿಗೆ ಮೆಟ್ರೋ ಮಾರ್ಗ ಹಾಕಲು ಕೇಂದ್ರ ಸಂಪುಟ ಒಪ್ಪಿದ್ದು 2021ರಲ್ಲಿ. ಈ ನಡುವೆ, 2016ರಲ್ಲಿ, ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ. ಉದ್ದದ ಉಕ್ಕಿನ ಮೇಲುಸೇತುವೆ ಕಟ್ಟಲು ರಾಜ್ಯ ಸರ್ಕಾರ ಹೊರಟಿತು. ಅಂದಾಜು ವೆಚ್ಚ 1,791 ಕೋಟಿ ರೂಪಾಯಿ. ಕಡಿಯಬೇಕಾಗಿದ್ದ ಮರಗಳು 812.

ಮರಗಳ ಮಾತು ಎಲ್ಲರ ಮನಸ್ಸಿಗೂ ತಟ್ಟಿತು. ಅದಕ್ಕಿಂತ ಮೂಲಭೂತವಾದ ಪ್ರಶ್ನೆಯೊಂದಿತ್ತು. ಸಂವಿಧಾನದ 74ನೇ ತಿದ್ದುಪಡಿಯಂತೆ ಮಹಾನಗರಕ್ಕೊಂದು ಯೋಜನಾ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಕನಿಷ್ಠ ಮೂರನೇ ಎರಡು ಭಾಗ ಸ್ಥಳೀಯ ಸಂಸ್ಥೆಗಳ ಚುನಾಯಿತರಿಂದ ಆರಿಸಲ್ಪಟ್ಟವರಾಗಿರಬೇಕು. ಇಷ್ಟು ದೊಡ್ಡ ಯೋಜನೆ ಆ ಸಮಿತಿಯ ಮುಂದೆ ಬರಬೇಡವೇ ಎಂದು ನಾಗರಿಕರು ಕೇಳಿದರು. ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. 2016ರ ಅಕ್ಟೋಬರ್ 16ರಂದು ಸಾವಿರಾರು ಮಂದಿ ಆ ಮಾರ್ಗದಲ್ಲಿ ಮಾನವ ಸರಪಳಿಯಾಗಿ ನಿಂತರು. ಹಸಿರು ನ್ಯಾಯಮಂಡಳಿ ತಾತ್ಕಾಲಿಕ ತಡೆ ನೀಡಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು.

ಸರ್ಕಾರದ ಪರವಾಗಿಯೂ ಒಂದು ಮಾತು ಹೇಳಬೇಕು. ವಾಹನದಟ್ಟಣೆ ಸುಳ್ಳಲ್ಲ, ವಿಮಾನ ತಪ್ಪಿಸಿಕೊಂಡವರ ಸಂಕಟವೂ ಸುಳ್ಳಲ್ಲ. ಆದರೆ ಮೇಲುಸೇತುವೆಗೆ ಒಂದು ಆಕರ್ಷಣೆಯಿದೆ: ಅದು ಕಣ್ಣಿಗೆ ಕಾಣುತ್ತದೆ, ಶಂಕುಸ್ಥಾಪನೆಗೂ ಉದ್ಘಾಟನೆಗೂ ಒದಗುತ್ತದೆ. ಇಪ್ಪತ್ತು ನಿಮಿಷಕ್ಕೊಂದು ಬರುತ್ತಿದ್ದ ಬಸ್ಸು ಹತ್ತು ನಿಮಿಷಕ್ಕೊಂದು ಬರತೊಡಗಿದರೆ ಅದಕ್ಕೆ ಯಾರೂ ಫಲಕ ಹಾಕಿಸುವುದಿಲ್ಲ! 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆಂದೇ ಒಂದು ಪಥವನ್ನು ಮೀಸಲಿಟ್ಟರು. ಬಹುಕಾಲ ಉಳಿಯಲಿಲ್ಲ, ಮೆಟ್ರೋ ಕಾಮಗಾರಿ ಬಂದಾಗ ಜಾಗ ಬಿಟ್ಟುಕೊಟ್ಟದ್ದು ಬಸ್ಸು.

ಬಸ್ಸು ಒಂದು ನಿಗಮದ್ದು, ಮೆಟ್ರೋ ಮತ್ತೊಂದರದು, ರೈಲು ಕೇಂದ್ರದ್ದು. ಇವನ್ನೆಲ್ಲ ಒಂದೆಡೆ ಕೂರಿಸಲೆಂದು 2022ರಲ್ಲಿ ರಾಜ್ಯ ಶಾಸನಸಭೆ ಬೆಂಗಳೂರಿನ ಭೂಸಾರಿಗೆ ಪ್ರಾಧಿಕಾರಕ್ಕೆ ಕಾಯ್ದೆ ಮಾಡಿತು. ನಗರಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು, ಚುನಾವಣೆ ನಡೆದಿರಲಿಲ್ಲ. 2024ರಲ್ಲಿ, ಅದೇ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ರಸ್ತೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಾಗ, ಆಕ್ಷೇಪ ಎತ್ತಲು ನಗರದಲ್ಲಿ ಒಬ್ಬ ಕಾರ್ಪೊರೇಟರೂ ಇರಲಿಲ್ಲ.