ಕೊರಳ ಗ್ರಂಥಿ, ಮನೆಯ ಮಾತು

ಕೊರಳಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಥೈರಾಯ್ಡ್ ಗ್ರಂಥಿಯು, ದೇಹವು ಶಕ್ತಿಯನ್ನು ಎಷ್ಟು ವೇಗವಾಗಿ ಬಳಸಬೇಕೆಂಬುದನ್ನು ನಿಯಂತ್ರಿಸುವ ಹಾರ್ಮೋನನ್ನು, ಅಂದರೆ ರಕ್ತದ ಮೂಲಕ ಸಂದೇಶ ಒಯ್ಯುವ ರಾಸಾಯನಿಕವನ್ನು, ಸ್ರವಿಸುತ್ತದೆ. ಈ ಸ್ರಾವ ಕುಗ್ಗಿದ ಸ್ಥಿತಿಯೇ ಹೈಪೋಥೈರಾಯ್ಡಿಸಂ. ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬೀಳುವ, ಜಪಾನಿನ ವೈದ್ಯ ಹಕಾರು ಹಶಿಮೊಟೊ 1912ರಲ್ಲಿ ವರ್ಣಿಸಿದ ಕಾಯಿಲೆಯು ಇದಕ್ಕೊಂದು ಮುಖ್ಯ ಕಾರಣ.

ಹೈಪೋಥೈರಾಯ್ಡಿಸಂನಿಂದಾಗಿ ಎಲ್ಲರೂ ಫ್ಯಾನಿನಡಿ ಕುಳಿತಿರುವಾಗ ಶಾಲು ಹೊದ್ದುಕೊಳ್ಳುವ, ಒಲೆಯ ಮೇಲೆ ಹಾಲಿಟ್ಟು ಮರೆಯುವ ಪತ್ನಿಯ ನಡವಳಿಕೆಯನ್ನು ಪತಿಯು ಉದಾಸೀನವೆಂದು ಭಾವಿಸುವುದು ಸುಲಭ, ಏಕೆಂದರೆ ಜ್ವರದಂತೆ ಹಣೆ ಮುಟ್ಟಿ ತಿಳಿಯುವ ರೋಗವಲ್ಲ ಇದು.

ವೈದ್ಯರ ಮುಂದೆ ‘ಸುಸ್ತು’ ಎಂಬ ಒಂದೇ ಮಾತು ಸಾಲದು. ದಣಿವು ಯಾವಾಗ ಆರಂಭವಾಯಿತು, ತೂಕ ಎಷ್ಟು ಏರಿತು, ಮುಟ್ಟು ಹೇಗೆ ಬದಲಾಯಿತು ಎಂಬುದನ್ನು ಚೀಟಿಯಲ್ಲಿ ಬರೆದೊಯ್ದರೆ ಅವರ ಕೆಲಸ ಹಗುರಾಗುತ್ತದೆ. ಕೇಳಿದ ಪ್ರಶ್ನೆಗೆಲ್ಲ ಪತಿಯೇ ಉತ್ತರಿಸುವ ರೂಢಿ ಮಾತ್ರ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚಾಗಿ ಮಾಡುತ್ತದೆ. ಆಕೆ ಮರೆತದ್ದನ್ನು ನೆನಪಿಸುವಷ್ಟಕ್ಕೆ ಅವನ ಪಾತ್ರ ಸೀಮಿತವಾಗಿರುವುದು ಲೇಸು.

ಚಿಕಿತ್ಸೆ ಈಗಾಗಲೇ ನಡೆಯುತ್ತಿದ್ದರೆ, ಮಾತ್ರೆ ನುಂಗುವ ಹೊತ್ತನ್ನೂ ವೈದ್ಯರಿಗೆ ತಿಳಿಸಬೇಕು. ಥೈರಾಯ್ಡ್ ಹಾರ್ಮೋನಿನ ಕೊರತೆ ತುಂಬುವ ಲೆವೊಥೈರಾಕ್ಸಿನ್ ಮಾತ್ರೆಯನ್ನು ಸಾಮಾನ್ಯವಾಗಿ ಬರಿಹೊಟ್ಟೆಯಲ್ಲಿ, ಕಾಫಿ ತಿಂಡಿಗೆ 30ರಿಂದ 60 ನಿಮಿಷ ಮೊದಲು ತೆಗೆದುಕೊಳ್ಳಬೇಕಾಗುತ್ತದೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಅದರ ಹೀರಿಕೆಯನ್ನು ತಡೆಯುವುದರಿಂದ ಅವುಗಳಿಗೆ 4 ಗಂಟೆಗಳ ಅಂತರವಿರಬೇಕು. ಗ್ರಂಥಿಯನ್ನು ಪ್ರಚೋದಿಸಲು ಮೆದುಳಿನ ಬುಡದ ಪಿಟ್ಯುಟರಿ ಕಳುಹಿಸುವ ಟಿಎಸ್‌ಎಚ್ ಎಂಬ ಹಾರ್ಮೋನಿನ ಮಟ್ಟ ನಿಧಾನವಾಗಿ ಬದಲಾಗುವುದರಿಂದ, ಮಾತ್ರೆಯ ಪ್ರಮಾಣ ಬದಲಿಸಿದ ಬಳಿಕ 6ರಿಂದ 8 ವಾರಗಳ ನಂತರವೇ ಮರುಪರೀಕ್ಷೆ ನಡೆಯುತ್ತದೆ. ಅಲ್ಲಿಯವರೆಗೆ ಶಾಲು ಕುರ್ಚಿಯ ಮೇಲೆಯೇ ಇರುತ್ತದೆ.