ಹಾಲಿ ಸಿಕ್ಕಾ, ಕಲ್ದಾರ್ ಮತ್ತು ಸೋಂಪುರದ ಒಂದು ಚಹಾ

ಇವತ್ತು ಬಲ್ಗೇರಿಯಾ ಅನ್ನೋ ದೇಶದ ವಿಷಯ ಅಂದ ತಕ್ಷಣ ನೀವು ರಿಮೋಟ್ ಹುಡುಕ್ತೀರಿ ಅಂತ ನನಗೆ ಗೊತ್ತು. ಎರಡು ನಿಮಿಷ ತಡೀರಿ. ಬಲ್ಗೇರಿಯಾದಿಂದ ನೆಟ್ಟಗೆ ನೆಲಮಂಗಲ ತಾಲ್ಲೂಕಿನ ಸೋಂಪುರಕ್ಕೆ ಬರ್ತೀನಿ, ಅಲ್ಲಿಂದ ಕಲಬುರಗಿಗೆ ಹೋಗೋಣ.

2026ರ ಜನವರಿ 1ರಿಂದ ಬಲ್ಗೇರಿಯಾ ತನ್ನ ಸ್ವಂತ ನಾಣ್ಯವಾದ ಲೆವ್ ಅನ್ನು ಬಿಟ್ಟು ಯೂರೋ ಕೂಟಕ್ಕೆ ಸೇರಿದೆ. ಆ ಕೂಟದಲ್ಲಿ ಅದು 21ನೇ ದೇಶ. ಲೆವ್ 1881ರಿಂದ ಇದ್ದ ಹೆಸರು, ಸಿಂಹ ಅಂತ ಅದರ ಅರ್ಥ. ನಮ್ಮ ಸಿಂಹವನ್ನ ಯಾಕೆ ಬಿಡಬೇಕು, ಬಿಟ್ಟರೆ ನಾವು ಬಲ್ಗೇರಿಯನ್ನರಾಗಿ ಉಳೀತೀವಾ ಅಂತ 2025ರಲ್ಲಿ ರಾಜಧಾನಿ ಸೋಫಿಯಾದಲ್ಲಿ ಜನ ಬಾವುಟ ಹಿಡಿದು ಬೀದಿಗಿಳಿದರು. ಆಗ ಅಧ್ಯಕ್ಷರಾಗಿದ್ದ ರುಮೆನ್ ರಾದೆವ್ ಅವರೇ ಜನಮತಗಣನೆ ಮಾಡಿ ಅಂದರು. ಸಂಸತ್ತು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾಗಂತ ಇದು ಹುಚ್ಚು ಜಗಳ ಅಲ್ಲ. ಡೆನ್ಮಾರ್ಕ್ 2000ದಲ್ಲಿ, ಸ್ವೀಡನ್ 2003ರಲ್ಲಿ ಜನರನ್ನೇ ಕೇಳಿದವು. ಎರಡೂ ಕಡೆ ಬೇಡ ಅನ್ನೋ ಉತ್ತರ ಬಂತು. ಆ ದೇಶಗಳ ಕ್ರೋನ್, ಕ್ರೋನಾ ಇವತ್ತಿಗೂ ಇವೆ. ಆದರೆ ಬಲ್ಗೇರಿಯಾದ ಕಥೆಯಲ್ಲಿ ಒಂದು ತಮಾಷೆ ಇದೆ. ಅಲ್ಲಿನ ಲೆವ್ ಅನ್ನು 1997ರಲ್ಲೇ ಜರ್ಮನಿಯ ಮಾರ್ಕ್‌ಗೆ, ಆಮೇಲೆ ಯೂರೋಗೆ ಕಟ್ಟಿ ಹಾಕಿದ್ದರು. ಒಂದು ಯೂರೋಗೆ 1.95583 ಲೆವ್, ಒಂದು ಪೈಸೆ ಅತ್ತಿತ್ತ ಆಗೋ ಹಾಗಿಲ್ಲ. ಹೆಸರು ಸಿಂಹ, ಕೊರಳಲ್ಲಿ ಇಪ್ಪತ್ತೆಂಟು ವರ್ಷದಿಂದ ಹಗ್ಗ!

"ಸರ್, ಇದಕ್ಕೂ ಕರ್ನಾಟಕಕ್ಕೂ ಏನ್ ಸಂಬಂಧ? ಟಿಆರ್‌ಪಿ ಬರಲ್ಲ" ಅಂತ ನಮ್ಮ ಡೆಸ್ಕಿನ ಹುಡುಗ ಕೇಳಿದ. ಅವನು ಹೇಳಿದ್ದು ಸರಿಯೇ. ನಾನೂ ಸುಮ್ಮನಾಗಿದ್ದೆ. ಆದರೆ ಮೊನ್ನೆ ತುಮಕೂರಿನಿಂದ ವಾಪಸ್ ಬರುವಾಗ ದಾಬಸ್‌ಪೇಟೆ ಹತ್ತಿರ, ಸೋಂಪುರ ಕೈಗಾರಿಕಾ ಪ್ರದೇಶದಲ್ಲಿ ಚಹಾಕ್ಕೆ ಅಂತ ಗಾಡಿ ನಿಲ್ಲಿಸಿದೆ. ಸಂಬಂಧ ಅಲ್ಲಿ ಸಿಕ್ತು.

ಅತ್ತ ಶಿವಗಂಗೆ ಬೆಟ್ಟ, ಇತ್ತ ಫ್ಯಾಕ್ಟರಿ ಶೆಡ್ಡುಗಳು. ಶಿಫ್ಟ್ ಬಿಡೋ ಹೊತ್ತು. ಪೆಟ್ಟಿಗೆ ಅಂಗಡಿ ಮುಂದೆ ಒಡಿಶಾದ ಹುಡುಗರು, ಬಿಹಾರದವರು, ಒಬ್ಬಿಬ್ಬರು ಸುತ್ತಲ ಹಳ್ಳಿಯವರು. ಅಂಗಡಿ ಅಕ್ಕ ಎಲ್ಲರ ಹತ್ತಿರಾನೂ ಕನ್ನಡದಲ್ಲೇ ಮಾತಾಡ್ತಾರೆ, ಎಲ್ಲರಿಗೂ ಅರ್ಥ ಆಗುತ್ತೆ. ಹುಡುಗರು ಮೊಬೈಲ್ ತೋರಿಸ್ತಾರೆ, ಗೂಡಿನಲ್ಲಿಟ್ಟ ಪುಟ್ಟ ಡಬ್ಬಿ ಕನ್ನಡದಲ್ಲಿ "ರೂಪಾಯಿ ಸ್ವೀಕರಿಸಲಾಗಿದೆ" ಅನ್ನುತ್ತೆ. ನೂರಾರು ಮೈಲಿ ದೂರದಿಂದ ಬಂದ ಹುಡುಗ ಇಲ್ಲಿ ದುಡಿದದ್ದನ್ನು ಅದೇ ಮೊಬೈಲಿನಿಂದ ಅವನ ಅಮ್ಮನಿಗೆ ಕಳಿಸ್ತಾನೆ. ವಿನಿಮಯ ದರ ಇಲ್ಲ, ವಟ್ಟ ಇಲ್ಲ. ಇದು ನಮಗೆ ಎಷ್ಟು ಅಭ್ಯಾಸ ಆಗಿದೆ ಅಂದರೆ, ಇದೂ ಒಂದು ಕಾಲದಲ್ಲಿ ಇರಲಿಲ್ಲ ಅನ್ನೋದೇ ಮರೆತು ಹೋಗಿದೆ.

ಪಕ್ಕದಲ್ಲಿ ಸೆಕ್ಯುರಿಟಿ ಯೂನಿಫಾರ್ಮಿನಲ್ಲಿದ್ದ ಒಬ್ಬರು ನನ್ನ ಗುರುತು ಹಿಡಿದರು. "ಟೀವ್ಯಾಗ್ ಬರ್ತೀರಲ್ರಿ ಸರ್?" ಅಂದರು. ಊರು ಕಲಬುರಗಿ ಜಿಲ್ಲೆಯ ಜೇವರ್ಗಿ ಕಡೆ. ಐವತ್ತರ ಆಸುಪಾಸು. ಮಾತು ಎಲ್ಲಿಂದ ಎಲ್ಲಿಗೋ ಹೋಗಿ, ನಾನು ಈ ಬಲ್ಗೇರಿಯಾದ ಕಥೆ ಹೇಳಿದೆ. ಅವರು ನಕ್ಕರು. "ಇದೇನ್ ಹೊಸಾದ್ರಿ? ನಮ್ ಮುತ್ಯಾನ ಕಾಲ್ದಾಗ ನಮ್ದೂ ಬ್ಯಾರೆ ರೊಕ್ಕ ಇತ್ತಲ್ರಿ. ಹಾಲಿ ಸಿಕ್ಕಾ."

ಅಂದು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಬೆಳ್ಳಿ ರೂಪಾಯಿ, ಅದರ ಮೇಲೆ ಚಾರ್‌ಮಿನಾರ್. ನಾಣ್ಯ ಊರಲ್ಲಿ ಹೆಂಡತಿಯ ಪೆಟ್ಟಿಗೆಯಲ್ಲಿದೆಯಂತೆ.

ಹಳೇ ಮೈಸೂರಿನವನಾದ ನನಗೆ ನಾಚಿಕೆ ಆಯ್ತು. ಸೋಫಿಯಾದ ಬೀದಿ ನನಗೆ ಗೊತ್ತು, ಜೇವರ್ಗಿಯ ಪೆಟ್ಟಿಗೆ ಗೊತ್ತಿಲ್ಲ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಬೀದರ್, ಕಲಬುರಗಿ, ರಾಯಚೂರು ಆಗ ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿದ್ದವು. ಬ್ರಿಟಿಷರ ಕೆಳಗಿದ್ದ ಸಂಸ್ಥಾನಗಳಲ್ಲಿ ಸ್ವಂತ ಕಾಗದದ ನೋಟನ್ನೂ ಹೊರಡಿಸೋಕೆ ಅನುಮತಿ ಸಿಕ್ಕಿದ್ದು ಹೈದರಾಬಾದಿಗೆ, 1918ರಲ್ಲಿ. ಆ ದುಡ್ಡು ಉಸ್ಮಾನಿಯಾ ಸಿಕ್ಕಾ, ಜನರ ಬಾಯಲ್ಲಿ ಹಾಲಿ ಸಿಕ್ಕಾ. ಬ್ರಿಟಿಷ್ ಇಂಡಿಯಾದ ರೂಪಾಯಿಗೆ ಕಲ್ದಾರ್ ಅಂತಿದ್ದರು, ಕಲ್ ಅಂದರೆ ಯಂತ್ರ, ಯಂತ್ರದಲ್ಲಿ ಒತ್ತಿದ್ದು ಅಂತ. ಎರಡಕ್ಕೂ ಬೆಲೆ ಬೇರೆ. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್. ನೂರು ಕಲ್ದಾರ್ ಬೇಕಂದರೆ 116 ರೂಪಾಯಿ 10 ಆಣೆ 8 ಪೈ ಹಾಲಿ ಎಣಿಸಬೇಕು. ಮಗ ಹೊರಗೆ ದುಡಿದು ಕಳಿಸಿದ್ದಕ್ಕೆ, ಸೋಲಾಪುರದ ಸಂತೆಯಲ್ಲಿ ಮಾರಿ ತಂದದ್ದಕ್ಕೆ, ಎಲ್ಲಕ್ಕೂ ಈ ಲೆಕ್ಕ.

ಈಗ ಅಸ್ಮಿತೆಯ ಮಾತಿಗೆ ಬನ್ನಿ. 1947ರ ನವೆಂಬರ್ 29ರಂದು ನಿಜಾಮರಿಗೂ ಭಾರತ ಸರ್ಕಾರಕ್ಕೂ ಯಥಾಸ್ಥಿತಿ ಒಪ್ಪಂದ ಆಯ್ತು. ಶಾಯಿ ಒಣಗೋ ಮೊದಲೇ ನಿಜಾಮರ ಸರ್ಕಾರ ಒಂದು ಸುಗ್ರೀವಾಜ್ಞೆ ತಂದು, ಭಾರತದ ರೂಪಾಯಿ ನಮ್ಮ ಸಂಸ್ಥಾನದಲ್ಲಿ ಚಲಾವಣೆಗೆ ಇಲ್ಲ ಅಂತು. ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿಯ ಸಾಲ ಕೊಟ್ಟ ವಿಷಯವೂ ಹೊರಬಂತು. ದೆಹಲಿಯಲ್ಲಿ ಪಟೇಲರು, ವಿ.ಪಿ. ಮೆನನ್ ಕೆಂಡವಾದರು. ಯಾಕೆ ಅಂತೀರಾ? ಸ್ವತಂತ್ರ ದೇಶ ಆಗ್ತೀನಿ ಅನ್ನೋನು ಮೊದಲು ಮಾಡೋ ಕೆಲಸ ಅದೇ, ನಿನ್ನ ದುಡ್ಡು ನನ್ನ ಅಂಗಡಿಯಲ್ಲಿ ನಡೆಯಲ್ಲ ಅನ್ನೋದು. 1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ನಡೀತು, 17ರಂದು ನಿಜಾಮರು ಶರಣಾದರು. 1950ರಲ್ಲಿ ಭಾರತದ ರೂಪಾಯಿ ಅಲ್ಲಿಗೆ ಬಂತು, ಮರುವರ್ಷ ಹಾಲಿ ಸಿಕ್ಕಾ ಹೊರಡಿಸೋದು ನಿಂತಿತು. ಆದರೆ ರದ್ದಾಗಿದ್ದು 1959ರಲ್ಲಿ. ಅಂದರೆ 1956ರ ನವೆಂಬರ್ 1ರಂದು ಕಲಬುರಗಿ ನಮ್ಮ ಜೊತೆ ಸೇರಿ ಕರ್ನಾಟಕ ಏಕೀಕರಣ ಆದಾಗಲೂ ನಿಜಾಮರ ನಾಣ್ಯಕ್ಕೆ ಕಾಯಂ ವಿದಾಯ ಹೇಳಿರಲಿಲ್ಲ.

ಇಲ್ಲಿ ನನಗೆ ತಲೆಗೆ ಹತ್ತಿದ ಸಂಗತಿ ಒಂದಿದೆ. ನಿಜಾಮರ ನೋಟಿನ ಮೇಲೆ ಉರ್ದು, ಇಂಗ್ಲಿಷ್ ಜೊತೆಗೆ ತೆಲುಗು, ಮರಾಠಿ, ಕನ್ನಡದಲ್ಲೂ ಮೌಲ್ಯ ಅಚ್ಚಾಗ್ತಿತ್ತು. ನೋಟಿನಲ್ಲಿ ಕನ್ನಡ ಇತ್ತು! ಆದರೆ ಕಚೇರಿ ಉರ್ದು, ಕೋರ್ಟು ಉರ್ದು, ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು. ಕನ್ನಡದಲ್ಲಿ ದುಡ್ಡು ಎಣಿಸಬಹುದು, ಕನ್ನಡದಲ್ಲಿ ಅರ್ಜಿ ಬರೆದರೆ ಓದೋರಿಲ್ಲ.

ಮೈಸೂರು ನೋಡಿ. ಒಂದು ಕಾಲದಲ್ಲಿ ಇಲ್ಲೂ ವರಹ, ಹಣ ಅಂತ ನಾಣ್ಯಗಳಿದ್ದವು. ಇವತ್ತು ನಾವು ಹಣ ಅನ್ನೋ ಪದವೇ ಒಂದು ಪುಟ್ಟ ಚಿನ್ನದ ನಾಣ್ಯದ ಹೆಸರು. ಮೈಸೂರಿನ ಟಂಕಸಾಲೆಯನ್ನು ಬ್ರಿಟಿಷರು 1833ರಲ್ಲಿ ಬೆಂಗಳೂರಿಗೆ ತಂದರು, 1843ರಲ್ಲಿ ಮುಚ್ಚಿದರು. ಅಲ್ಲಿಗೆ ಮೈಸೂರಿಗೆ ಸ್ವಂತ ನಾಣ್ಯ ಇಲ್ಲ. ಆಮೇಲೆ ಮಹಾರಾಜರಿಗೆ ಅಧಿಕಾರ ವಾಪಸ್ ಬಂತು, ನಾಣ್ಯ ಬರಲಿಲ್ಲ. ಆದರೆ 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, ಕನ್ನಂಬಾಡಿ ಕಟ್ಟೆ ಎಲ್ಲವೂ ಆದದ್ದು ಜಾರ್ಜ್ ದೊರೆಯ ಮುಖ ಇದ್ದ ರೂಪಾಯಿಯಲ್ಲೇ. ಸ್ವಂತ ನಾಣ್ಯ ಇದ್ದ ಕಡೆ ಕನ್ನಡ ಸೊರಗಿತು, ನಾಣ್ಯ ಕಳಕೊಂಡ ಕಡೆ ಚಿಗುರಿತು. ಸೋಫಿಯಾದ ಪ್ರತಿಭಟನಾಕಾರರಿಗೆ ಯಾರಾದರೂ ಈ ಕಥೆ ಹೇಳಬೇಕಿತ್ತು.

ಹಾಗಾದರೆ ಹಂಚಿಕೊಂಡ ನಾಣ್ಯದಲ್ಲಿ ಅಪಾಯವೇ ಇಲ್ವಾ? ಇದೆ. ಅದನ್ನ ಗ್ರೀಸ್ ಹತ್ತಿರ ಕೇಳಿ. ಯೂರೋ ಸೇರಿತು, ಸಾಲ ಮಾಡಿತು, ಮುಳುಗಿತು. ಸ್ವಂತ ನಾಣ್ಯ ಇದ್ದಿದ್ದರೆ ಅದರ ಬೆಲೆ ಇಳಿಸಿ ಉಸಿರಾಡಬಹುದಿತ್ತು, ಆ ದಾರಿ ಇರಲಿಲ್ಲ. 2015ರಲ್ಲಿ ಎಟಿಎಂ ಮುಂದೆ ಜನ ಸಾಲು ನಿಂತರು, ದಿನಕ್ಕೆ 60 ಯೂರೋ ಮಾತ್ರ. ಜುಲೈ 5ರಂದು ಜನಮತಗಣನೆಯಲ್ಲಿ ಷರತ್ತು ಬೇಡ ಅಂತ ಜನ ಹೇಳಿದರು, ಸರ್ಕಾರ ಅದಕ್ಕಿಂತ ಬಿಗಿಯಾದ ಷರತ್ತಿಗೇ ಸಹಿ ಹಾಕಿತು. ಅಲ್ಲಿ ನಾಣ್ಯ ಒಂದು, ತಿಜೋರಿ ಬೇರೆ ಬೇರೆ. ಜರ್ಮನಿಯವನು ಕೊಟ್ಟದ್ದು ಸಾಲ, ಬಡ್ಡಿ ಸಮೇತ.

ನಮ್ಮಲ್ಲಿ ಹಾಗಲ್ಲ. ನಾಣ್ಯ ಒಂದು, ತಿಜೋರಿಯಲ್ಲೂ ಪಾಲಿದೆ. ಐದು ವರ್ಷಕ್ಕೊಮ್ಮೆ ಹಣಕಾಸು ಆಯೋಗ ಕೂತು ಪಾಲು ಹಾಕುತ್ತೆ. ಅದರ ಮೇಲೆ ಜಗಳ ನಡೆದೇ ಇದೆ. ಕರ್ನಾಟಕದ ಪಾಲು 14ನೇ ಆಯೋಗದಲ್ಲಿ ಶೇ. 4.713 ಇದ್ದದ್ದು 15ನೇ ಆಯೋಗದಲ್ಲಿ 3.647ಕ್ಕೆ ಇಳೀತು. 2024ರ ಫೆಬ್ರವರಿ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಂಪುಟ ಸಮೇತ ಜಂತರ್ ಮಂತರ್‌ನಲ್ಲಿ ಕೂತರು. ರಾಜಕೀಯ ಅಂದರು ಕೆಲವರು. ರಾಜಕೀಯವೂ ಇತ್ತು, ಇರಲಿ. ಲೆಕ್ಕ ಕೇಳಿದ್ದು ತಪ್ಪಲ್ಲ ಅನ್ನೋದು ನನ್ನ ಮಾತು, ಅವತ್ತೂ ಇದೇ ಸ್ಟುಡಿಯೋದಲ್ಲಿ ಹೇಳಿದ್ದೆ.

ಆದರೆ ಅವತ್ತು ನಾನು ಹೇಳದೇ ಬಿಟ್ಟದ್ದನ್ನ ಸೋಂಪುರದ ಆ ಮನುಷ್ಯ ಹೇಳಿದರು. ನಾವು ದೆಹಲಿಗೆ ಕೇಳೋ ಪ್ರಶ್ನೆಯನ್ನ ಜೇವರ್ಗಿ ಬೆಂಗಳೂರಿಗೆ ಕೇಳುತ್ತೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. 114 ಹಿಂದುಳಿದ ತಾಲ್ಲೂಕು, ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಕಲಬುರಗಿ ವಿಭಾಗದವು. ಸಂವಿಧಾನದ 371ಜೆ ಬಂದದ್ದು 98ನೇ ತಿದ್ದುಪಡಿಯಿಂದ, ಏಕೀಕರಣ ಆಗಿ ಐವತ್ತಾರು ವರ್ಷ ಕಳೆದ ಮೇಲೆ. ನಾಣ್ಯವನ್ನ ಏಳಕ್ಕೆ ಆರರಂತೆ ಬದಲಾಯಿಸಿ, ಒಂಬತ್ತು ವರ್ಷದಲ್ಲಿ ಕೆಲಸ ಮುಗಿಸಿದರು. ಮಿಕ್ಕ ಬಾಕಿಗೆ ಯಾವ ದರ ಹಾಕ್ತೀರಿ?

ನಾನು ಕೇಳಿದೆ, "ಅಲ್ಲಾ ಯಜಮಾನ್ರೇ, ಅಷ್ಟು ದೂರದಿಂದ ಇಲ್ಲಿಗೆ ಬಂದು ಗೇಟ್ ಕಾಯ್ತೀರಲ್ಲ, ಊರಲ್ಲಿ ಹೊಲ ಇಲ್ವಾ?"

"ಅದರೀ. ನಾಕ್ ಎಕರೆ ತೊಗರಿ. ಮಳಿ ಬಂದ್ರ ಬೆಳಿ, ಇಲ್ಲಂದ್ರ ಇಲ್ಲ. ಮಗಳು ನರ್ಸಿಂಗ್ ಓದ್ತಾಳ್ರಿ, ಫೀಸ್ ಯಾರ್ ಕಟ್ತಾರ?"

ಇಲ್ಲಿನವರು ದುಡ್ಡು ಅಂತೀವಿ, ಅವರು ರೊಕ್ಕ ಅಂತಾರೆ. ಮೊದಮೊದಲು ಬಂದಾಗ ಬಾಡಿಗೆ ಮನೆ ಕೇಳಿದರೆ "ನೀವು ಯಾವ ಸ್ಟೇಟು?" ಅಂತ ಕೇಳ್ತಿದ್ದರಂತೆ. ಕನ್ನಡ ಮಾತಾಡಿದ್ದಕ್ಕೇ ಆ ಪ್ರಶ್ನೆ. ಹೇಳುವಾಗ ಅವರೇನೋ ನಕ್ಕರು. ನಗೋಕೆ ನನಗೆ ಆಗಲಿಲ್ಲ. ಹೊರಗಿನವರು ಬಂದು ಕನ್ನಡ ಹಾಳಾಯ್ತು ಅಂತ ನಾವು ಎಷ್ಟು ಚರ್ಚೆ ನಡೆಸಿದ್ದೀವಿ, ಆರು ಕಿಟಕಿ ತೆರೆದು ಆರು ಜನರನ್ನ ಕೂಗಾಡಿಸಿ. ಜೇವರ್ಗಿಯವರು ಸೋಂಪುರದಲ್ಲಿ ಹೊರಗಿನವರಾದ ಬಗ್ಗೆ ಒಂದೇ ಒಂದು ದಿನ ನಾನು ಕಿಟಕಿ ತೆರೆದಿಲ್ಲ.

ಮನೆಗೆ ಬಂದು ಜೇಬಿನ ನೋಟು ತೆಗೆದು ನೋಡಿದೆ. ನೀವೂ ನೋಡಿ. ಹಿಂದಿನ ಬದಿಯ ಪಟ್ಟಿಯಲ್ಲಿ 15 ಭಾಷೆ, ಮೇಲಿನಿಂದ ನಾಲ್ಕನೇ ಸಾಲು ಕನ್ನಡ. 50ರ ನೋಟಿನಲ್ಲಿ ಹಂಪಿಯ ಕಲ್ಲಿನ ರಥ. ನೋಟು ಮುದ್ರಣಾಲಯಗಳಲ್ಲಿ ಒಂದು ಇರೋದು ಮೈಸೂರಿನಲ್ಲೇ. ಹೆಮ್ಮೆ ಪಡಬಹುದು, ನಾನೂ ಪಡ್ತೀನಿ. ನಿಜಾಮರ ನೋಟಿನಲ್ಲೂ ಕನ್ನಡ ಇತ್ತು ಅನ್ನೋದು ಮಾತ್ರ ಈಗ ಜೊತೆಗೇ ನೆನಪಾಗುತ್ತೆ.

ಹೊರಡುವಾಗ ಚಹಾದ ದುಡ್ಡು ಕೊಡೋಕೆ ಹೋದೆ. ಅವರು ಬಿಡಲಿಲ್ಲ, ಆಗಲೇ ಸ್ಕ್ಯಾನ್ ಮಾಡಿದ್ದರು. "ಆ ನಾಣ್ಯ ಮಾರಿದರೆ ಒಳ್ಳೆ ಬೆಲೆ ಬರಬಹುದು" ಅಂದೆ, ಸುಮ್ಮನೆ. "ಮಾರಂಗಿಲ್ರಿ. ಮುತ್ಯಾಂದು" ಅಂದರು. ಊರಿಗೆ ಯಾವಾಗ ವಾಪಸ್ ಅಂತ ಕೇಳಿದ್ದಕ್ಕೆ ಶೆಡ್ಡಿನ ಕಡೆ ಕೈ ತೋರಿಸಿ, "ಇಂಥಾದ್ದೊಂದು ಅಲ್ಲೇ ಕಟ್ರಿ ಅಂತ ಟೀವ್ಯಾಗ ಹೇಳ್ರಿ ಸರ್, ನಾಳೇನ ಹೋಗ್ತೀನಿ" ಅಂದರು.

ಹೇಳಿದ್ದೀನಿ.